ಸೀರೆ ಆರಿಸುವ ಮೊದಲು ಬಿಸಿಲು ನೋಡಿ

ನಮ್ಮ ಕಲಬುರಗಿ ಕಡೆ ಮದುವೆಗಳು ಏಪ್ರಿಲ್, ಮೇ ತಿಂಗಳಲ್ಲಿ ಒತ್ತಾಗಿ ಬರುತ್ತವೆ. ಬಿಸಿಲು 42 ಡಿಗ್ರಿ ಮುಟ್ಟುವ ಮಧ್ಯಾಹ್ನದಲ್ಲಿ ಅಕ್ಷತೆಗೆ ನಿಲ್ಲಬೇಕಾದವರು ಸೀರೆಯ ಬೆಲೆಯನ್ನು ನೋಡುವ ಮೊದಲು ಮುಹೂರ್ತ ಎಷ್ಟು ಗಂಟೆಗಿದೆ, ಅಲ್ಲಿ ತಮ್ಮ ಪಾಲಿಗೆ ಬರುವ ಕೆಲಸವೇನು ಎಂಬುದನ್ನು ಕೇಳಿಕೊಳ್ಳಬೇಕು. ಮದುಮಗಳ ತಾಯಿ, ಅತ್ತಿಗೆಯರು ಭಾರಿ ರೇಷ್ಮೆ ಉಡುವುದು ಸರಿಯೇ. ಆದರೆ ಪಂಕ್ತಿಯಲ್ಲಿ ಬಡಿಸಲು ಸೆರಗು ಸಿಕ್ಕಿಸಿ ಓಡಾಡುವವರಿಗೆ ಹತ್ತಿಯ ಒಡಲು, ರೇಷ್ಮೆಯ ಸೆರಗು ಇರುವ ಇಳಕಲ್ ಸೀರೆಯೇ ಸಾಕು, ಅದಕ್ಕೆ ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟರೆ ಯಾರ ಮುಂದೆಯೂ ಕಡಿಮೆ ಕಾಣುವುದಿಲ್ಲ. ಅರಿಶಿನ ಹಚ್ಚುವ ದಿನ ಹಳೆಯ ಹತ್ತಿ ಸೀರೆಯನ್ನೇ ಉಡಿ. ಅರಿಶಿನದ ಕಲೆಗೆ ಸಾಬೂನು ತಾಗಿದರೆ ಕೆಂಪಾಗುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಒಗೆದು ಬಿಸಿಲಿಗೆ ಹರವಿದರೆ ಕಲೆ ತಾನಾಗಿ ಮಾಸುತ್ತದೆ.

ಗಂಡಸರಿಗೆ ಹೇಳುವುದು ಕಡಿಮೆ: ಹತ್ತಿಯ ಅಂಗಿ, ಒಗೆದ ಧೋತರ ಅಥವಾ ಪೈಜಾಮ ಸಾಕು. ಬೇಸಿಗೆಯಲ್ಲಿ ಸೂಟು ತೊಟ್ಟು ಬೆವರುವ ವರನನ್ನು ಕಂಡರೆ ನನಗೆ ಕನಿಕರವೇ ಹೆಚ್ಚು.

ಬಂದೇನವಾಜರ ದರ್ಗಾಕ್ಕೋ, ಬೀದರಿನ ನಾನಕ ಝೀರಾ ಗುರುದ್ವಾರಕ್ಕೋ ಹೋಗುವಾಗ ತಲೆ ಮುಚ್ಚಿಕೊಳ್ಳಬೇಕಾಗುತ್ತದೆ. ಜಾರುವ ನೈಲಾನ್, ಶಿಫಾನ್ ಸೆರಗನ್ನು ಮತ್ತೆ ಮತ್ತೆ ಎಳೆದುಕೊಳ್ಳುವ ಬದಲು ಹತ್ತಿಯ ಸೆರಗಿದ್ದರೆ ಅದು ತಲೆಯ ಮೇಲೆ ನಿಲ್ಲುತ್ತದೆ. ಗಂಡಸರು ಜೇಬಿನಲ್ಲಿ ದೊಡ್ಡದೊಂದು ಕರವಸ್ತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗುವಾಗ ಹೊಸ ಸೀರೆ ಉಡುವ ಹಟ ಹೆಣ್ಣುಮಕ್ಕಳಲ್ಲಿ ಸಹಜವಾದರೂ, ಎರೆಭೂಮಿಯಲ್ಲಿ ಕುಳಿತು ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುವುದಿದೆ ಎಂಬುದನ್ನು ನೆನಪಿಟ್ಟು ಗಾಢ ಬಣ್ಣದ, ಮನೆಯಲ್ಲೇ ಒಗೆಯಬಹುದಾದ ಸೀರೆಯನ್ನು ಆರಿಸಿ. ಮುಂಜಾನೆಯ ಚಳಿಗೆ ಮೇಲೊಂದು ಶಾಲು ಇರಲಿ. ಕರಿಮಣ್ಣು ಹತ್ತಿದರೆ ಹಸಿಯಿರುವಾಗ ಉಜ್ಜಬಾರದು, ಉಜ್ಜಿದರೆ ಅದು ನೂಲಿನೊಳಗೆ ಇಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಕೊಡವಿ, ನಂತರ ನೀರಿಗೆ ಹಾಕಿ.

ಸಾವಿನ ಮನೆಗೆ ಜರಿ, ಅತ್ತರು, ಗಾಢ ಬಣ್ಣ ಯಾವುದೂ ಬೇಡ. ಮರಳಿ ಬಂದು ಸ್ನಾನ ಮಾಡುವಾಗ ಉಟ್ಟದ್ದನ್ನೂ ಒಗೆಯಬೇಕಾದ್ದರಿಂದ ಬಣ್ಣ ಬಿಡದ ಸಾದಾ ಹತ್ತಿ ಬಟ್ಟೆಯೇ ಯೋಗ್ಯ.

ಇನ್ನು ಮದುವೆಗೆ ಉಟ್ಟ ರೇಷ್ಮೆಯ ಮಾತು. ಬೆವರು ಆರುವ ಮೊದಲೇ ಮಡಚಿ ಪೆಟ್ಟಿಗೆಗೆ ಹಾಕಿದರೆ ಕಂಕುಳ ಭಾಗದಲ್ಲಿ ಕುಪ್ಪಸ ಬಣ್ಣಗೆಡುತ್ತದೆ, ಸೀರೆಯ ಜರಿಯೂ ಕಪ್ಪಾಗುತ್ತದೆ. ಒಂದು ರಾತ್ರಿ ನೆರಳಿನಲ್ಲಿ ಗಾಳಿಗೆ ಹರವಿ, ಮರುದಿನ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ. ಡಾಂಬರ ಗುಳಿಗೆ ಇಡುವುದಾದರೆ ಜರಿಗೆ ತಾಗದಂತೆ ಸಣ್ಣ ಗಂಟು ಕಟ್ಟಿ ಮೂಲೆಯಲ್ಲಿಡಿ, ಮತ್ತು ಮೂರ್ನಾಲ್ಕು ತಿಂಗಳಿಗೊಮ್ಮೆ ಸೀರೆಯನ್ನು ಹೊರತೆಗೆದು ಹಳೆಯ ಗೆರೆ ಬಿಟ್ಟು ಬೇರೆ ಕಡೆ ಮಡಿಕೆ ಹಾಕಿ.