ಹಂಗಾಮು ಮುಗಿದ ಮೇಲೆ ಸ್ಟೇನ್‌ಲೆಸ್ ಸ್ಟೀಲ್ (ಎಸ್‌ಎಸ್) ಪೈಪುಗಳನ್ನು ಕಾಪಾಡುವ ಕ್ರಮ

ಮುಧೋಳ, ಜಮಖಂಡಿ, ಅಥಣಿ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ನವೆಂಬರ್ ಹೊತ್ತಿಗೆ ಶುರುವಾಗಿ ನಾಲ್ಕೈದು ತಿಂಗಳಲ್ಲಿ ಮುಗಿಯುತ್ತದೆ. ವರ್ಷದ ಉಳಿದ ಕಾಲ ರಸ, ಬಿಸಿನೀರು, ಕಂಡೆನ್ಸೇಟ್ (ಹಬೆ ತಣಿದು ಆದ ನೀರು) ಸಾಗಿಸುವ ಪೈಪುಗಳು ಕೆಲಸವಿಲ್ಲದೆ ನಿಂತಿರುತ್ತವೆ. ಪೈಪು ಸವೆಯುವುದು ಓಡುವಾಗ ಎಂಬ ತಿಳಿವಳಿಕೆ ಹಲವರಲ್ಲಿದೆ. ಸ್ಟೇನ್‌ಲೆಸ್ ಸ್ಟೀಲಿನ ವಿಷಯ ಬೇರೆ. ಶುದ್ಧ ನೀರು ಹರಿಯುತ್ತಿರುವಷ್ಟು ಕಾಲ ಅದು ದಶಕಗಳವರೆಗೆ ಬಾಳುತ್ತದೆ, ನೀರು ನಿಂತರೆ ಒಂದೇ ಮಳೆಗಾಲದಲ್ಲಿ ತೂತು ಬೀಳಬಹುದು.

ನಾನು ಕೆಲಸ ಮಾಡುತ್ತಿದ್ದ ಒಂದು ಕಾರ್ಖಾನೆಯಲ್ಲಿ ಹೊಸದಾಗಿ ಎಳೆದ 2 ಇಂಚಿನ, 304 ಗ್ರೇಡಿನ ಸ್ಟೇನ್‌ಲೆಸ್ ಪೈಪಿಗೆ ಬೋರ್ ನೀರು ತುಂಬಿ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಮಾಡಿದೆವು. ಪರೀಕ್ಷೆ ಪಾಸಾಯಿತು, ನೀರನ್ನು ಯಾರೂ ಇಳಿಸಲಿಲ್ಲ, ನಾನೂ ಕೇಳಲಿಲ್ಲ. ಹಂಗಾಮಿನ ತಯಾರಿಗೆ ಪಂಪು ಚಾಲೂ ಮಾಡಿದಾಗ ನಾಲ್ಕು ಜಾಯಿಂಟುಗಳ ತಳದಲ್ಲಿ ನೀರು ಜಿನುಗುತ್ತಿತ್ತು. ಒಂದು ಜಾಯಿಂಟನ್ನು ಕತ್ತರಿಸಿ ನೋಡಿದೆ. ಹೊರಗಿನ ತೂತಿನಲ್ಲಿ ಸೂಜಿಯ ಮೊನೆ ಮಾತ್ರ ಹೋಗುತ್ತಿತ್ತು. ಒಳಗೆ ವೆಲ್ಡಿನ ಅಂಚಿನಲ್ಲಿ ಕಂದು ಬಣ್ಣದ, ಸಾಸಿವೆಯಷ್ಟು ದಪ್ಪದ ಗುಳ್ಳೆಯೊಂದಿತ್ತು. ಅದನ್ನು ದಬ್ಬಣದಿಂದ ಕೆದಕಿದಾಗ ಕೆಳಗೆ ಜೋಳದ ಕಾಳು ಹಿಡಿಸುವಷ್ಟು ಪೊಳ್ಳು ತೆರೆದುಕೊಂಡಿತು. ಸುತ್ತಲಿನ ಲೋಹ ಕನ್ನಡಿಯಂತೆ ಹೊಸದಾಗಿಯೇ ಇತ್ತು. ಅಂದಿನಿಂದ ಈ ಪೈಪುಗಳ ಆಯುಷ್ಯವನ್ನು ನಾನು ವರ್ಷಗಳಲ್ಲಿ ಲೆಕ್ಕ ಹಾಕುವುದನ್ನು ಬಿಟ್ಟು, ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನೇ ಮೊದಲು ನೋಡುತ್ತೇನೆ.

ಹೀಗಾಗುವುದಕ್ಕೆ ಕಾರಣವಿದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುತ್ತದೆ. ಅದು ಆಮ್ಲಜನಕದೊಡನೆ ಕೂಡಿ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆಯನ್ನು ಕಟ್ಟುತ್ತದೆ. ಪೊರೆ ಗೀರಿದರೆ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ, ಆದರೆ ಅದಕ್ಕೆ ಆಮ್ಲಜನಕ ಸಿಗುತ್ತಿರಬೇಕು. ನಿಂತ ನೀರಿನಲ್ಲಿ, ಕೆಸರಿನ ಕೆಳಗೆ, ಗ್ಯಾಸ್ಕೆಟ್ಟಿನ ಸಂದಿಯಲ್ಲಿ ಅದು ಸಿಗುವುದಿಲ್ಲ. ಬ್ಯಾಕ್ಟೀರಿಯಾಗಳು ಅಲ್ಲೇ ಲೋಳೆ ಕಟ್ಟುತ್ತವೆ. ನೀರಿನ ಉಪ್ಪಿನಲ್ಲಿರುವ ಕ್ಲೋರೈಡ್ ಪೊರೆಯ ದುರ್ಬಲ ಜಾಗವನ್ನು ಹಿಡಿದು ಒಳಕ್ಕೆ ಕೊರೆಯುತ್ತದೆ.

ಆದ್ದರಿಂದ ಗ್ರೇಡ್ ಆರಿಸುವ ಮೊದಲು ನೀರನ್ನು ಪರೀಕ್ಷೆ ಮಾಡಿಸಿರಿ. ಸಾಧಾರಣ ತಾಪಮಾನದಲ್ಲಿ 304ಕ್ಕೆ ಲೀಟರಿಗೆ ಸುಮಾರು 200 ಮಿಲಿಗ್ರಾಂ, 316ಕ್ಕೆ ಸುಮಾರು 1000 ಮಿಲಿಗ್ರಾಂ ಕ್ಲೋರೈಡ್ ಎಂಬುದು ರೂಢಿಯಲ್ಲಿರುವ ಅಂದಾಜು ಮಿತಿ. ನೀರು ಬಿಸಿಯಾದಷ್ಟೂ ಈ ಮಿತಿ ಕೆಳಗಿಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ 250 ಮಿಲಿಗ್ರಾಂ ಕ್ಲೋರೈಡನ್ನು ಒಪ್ಪುತ್ತದೆ, ಬೇರೆ ಮೂಲ ಇಲ್ಲದಿದ್ದರೆ 1000ದವರೆಗೂ ಬಿಡುತ್ತದೆ. ಅಂದರೆ ಮನುಷ್ಯ ಕುಡಿಯಬಹುದಾದ ನೀರು 304 ಪೈಪಿಗೆ ಒಗ್ಗದೇ ಹೋಗಬಹುದು. ಡೋಣಿ ನದಿಯ ನೀರಿನ ಉಪ್ಪು ವಿಜಯಪುರ ಜಿಲ್ಲೆಯವರಿಗೆ ಹೊಸದಲ್ಲ. ಬೋರ್ ನೀರಿನ ಗುಣವೂ ಊರಿನಿಂದ ಊರಿಗೆ ಬದಲಾಗುತ್ತದೆ. ಹೊಳೆಯ ನೀರು ಒಳ್ಳೆಯದೆಂದು ನಂಬಿ ಬೇಸಿಗೆಯಲ್ಲಿ ಬೋರ್ ನೀರಿಗೆ ಬದಲಾಯಿಸುವವರು ಆಗ ಮತ್ತೊಮ್ಮೆ ಪರೀಕ್ಷಿಸಬೇಕು. ಇನ್ನೂ ಒಂದು ಮಾತನ್ನು ನೆನಪಿಡಬೇಕು: 150 ಮಿಲಿಗ್ರಾಂ ಕ್ಲೋರೈಡಿನ ನೀರು ಪೈಪಿನ ತಗ್ಗಿನಲ್ಲಿ ನಿಂತು, ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಆವಿಯಾಗಿ ಹತ್ತನೆಯ ಒಂದು ಪಾಲಿಗೆ ಇಳಿದರೆ, ಉಳಿದದ್ದು 1500 ಮಿಲಿಗ್ರಾಮಿನ ಉಪ್ಪುನೀರು.

ಗಂಧಕದ ಹೊಗೆ ಹಾಯಿಸಿದ ರಸದ ಪೈಪಿಗೆ ಮಾಲಿಬ್ಡಿನಂ ಇರುವ 316ಎಲ್ ಹೆಚ್ಚು ತಡೆಯುತ್ತದೆ. ಬೆಸುಗೆ ಹಾಕುವ ಯಾವುದೇ ಪೈಪಿಗೆ 0.03 ಶೇಕಡಾ ಮೀರದ ಇಂಗಾಲವಿರುವ ‘ಎಲ್’ ಗ್ರೇಡನ್ನೇ ಕೊಳ್ಳಿರಿ. ಅಯಸ್ಕಾಂತ ಹಿಡಿದು ಪರೀಕ್ಷಿಸಿ ತೃಪ್ತರಾಗಬೇಡಿರಿ. ನಿಕಲ್ ಕಡಿಮೆ ಇರುವ ಅಗ್ಗದ 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಮಿಲ್ ಸರ್ಟಿಫಿಕೇಟಿನ ಹೀಟ್ ನಂಬರನ್ನು (ಲೋಹ ಕರಗಿಸಿದ ತಂಡದ ಸಂಖ್ಯೆ) ಪೈಪಿನ ಮೇಲಿನ ಅಚ್ಚಿನೊಡನೆ ತಾಳೆ ನೋಡಿರಿ, ಅನುಮಾನವಿದ್ದರೆ ಲೋಹದಲ್ಲಿ ಏನೇನು ಎಷ್ಟಿದೆ ಎಂದು ಎಕ್ಸ್-ಕಿರಣದಿಂದ ತೋರಿಸುವ ಎಕ್ಸ್‌ಆರ್‌ಎಫ್ ಗನ್ನಿನಿಂದ ಅಳತೆ ಮಾಡಿಸಿರಿ.

ವೆಲ್ಡಿಂಗ್ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಾನು ಕಂಡ ತೂತುಗಳಲ್ಲಿ ಹೆಚ್ಚಿನವು ಜಾಯಿಂಟಿನ ಅಂಚಿನವೇ. ಹೊರಗಿನಿಂದ ಟಿಗ್ ವೆಲ್ಡಿಂಗ್ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಹಾಕುವ ವಿದ್ಯುತ್ ಬೆಸುಗೆ) ಎಷ್ಟೇ ಚೆನ್ನಾಗಿದ್ದರೂ ಪೈಪಿನ ಒಳಗೆ ಆರ್ಗಾನ್ ತುಂಬದಿದ್ದರೆ ಬೆಸುಗೆಯ ಒಳಬದಿಯ ಲೋಹ ಗಾಳಿಗೆ ಸುಟ್ಟು, ಕಪ್ಪಾಗಿ, ಹರಳುಹರಳಾಗಿ ಏಳುತ್ತದೆ. ವೆಲ್ಡರುಗಳು ಅದನ್ನು ಸಕ್ಕರೆ ಎಂಬ ಅರ್ಥದಲ್ಲೇ ‘ಶುಗರಿಂಗ್’ ಎನ್ನುತ್ತಾರೆ. ಅಂಥ ಜಾಗದಲ್ಲಿ ರಕ್ಷಕ ಪೊರೆ ಸರಿಯಾಗಿ ಕೂಡುವುದಿಲ್ಲ. ಹೀಗೆ ಆರ್ಗಾನ್ ತುಂಬುವ ಪರ್ಜಿಂಗಿಗೆ ಹೊತ್ತು ಹಿಡಿಯುತ್ತದೆ ಎಂದು ಗುತ್ತಿಗೆದಾರರು ಹೇಳಿದರೆ ಲೆಕ್ಕ ಮಾಡಿ ತೋರಿಸಿರಿ. ಶೆಡ್ಯೂಲ್ 10ಎಸ್‌ನ (ಗೋಡೆಯ ದಪ್ಪದ ಒಂದು ದರ್ಜೆ) 2 ಇಂಚಿನ ಪೈಪಿನ 6 ಮೀಟರ್ ಉದ್ದದೊಳಗೆ ಸುಮಾರು 14 ಲೀಟರ್ ಗಾಳಿ ಇರುತ್ತದೆ. ಅದರ ಐದು ಪಟ್ಟು, ಅಂದರೆ 70 ಲೀಟರ್ ಆರ್ಗಾನನ್ನು ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ ಏಳು ನಿಮಿಷ ಸಾಕು. ತುದಿಗಳನ್ನು ಮುಚ್ಚಿ, ಒಂದು ಸಣ್ಣ ಕಿಂಡಿಯನ್ನು ಮಾತ್ರ ಬಿಟ್ಟಿರಬೇಕು. ಜಾಯಿಂಟಿನ ಒಳಬಣ್ಣ ತಿಳಿ ಹುಲ್ಲಿನ ಹಳದಿಯಷ್ಟಿದ್ದರೆ ನೀರಿನ ಲೈನಿಗೆ ಚಿಂತೆಯಿಲ್ಲ. ನೀಲಿ, ಕಂದು, ಕಪ್ಪು ಕಂಡರೆ ಪಿಕ್ಲಿಂಗ್ (ಆಮ್ಲ ಹಚ್ಚಿ ಸುಟ್ಟ ಪದರ ತೆಗೆಯುವುದು) ಮಾಡಿಸಲೇಬೇಕು. ಪಿಕ್ಲಿಂಗ್ ಪೇಸ್ಟಿನಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರುತ್ತದೆ, ಅದು ಚರ್ಮದೊಳಕ್ಕೆ ಇಳಿದು ಎಲುಬನ್ನು ಮುಟ್ಟುವಂಥದ್ದು. ಆಮ್ಲಕ್ಕೆ ತಡೆಯುವ ಕೈಗವಸು, ಮುಖ ಮುಚ್ಚುವ ಶೀಲ್ಡ್, ಹತ್ತಿರದಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದೆ ಆ ಡಬ್ಬಿಯನ್ನು ತೆರೆಯಲು ಯಾರಿಗೂ ಬಿಡಬೇಡಿರಿ.

ಮೈಲ್ಡ್ ಸ್ಟೀಲ್ (ಎಂಎಸ್, ಸಾಧಾರಣ ಉಕ್ಕು) ಉಜ್ಜಿದ ಗ್ರೈಂಡರ್ ಡಿಸ್ಕು, ವೈರ್ ಬ್ರಷ್ಷು ಎಸ್‌ಎಸ್ ಪೈಪನ್ನು ಮುಟ್ಟಬಾರದು. ಕಬ್ಬಿಣದ ಕಣಗಳು ಅಂಟಿಕೊಂಡು ಮೊದಲ ಮಳೆಗೇ ಕೇಸರಿ ಚುಕ್ಕೆಗಳಾಗುತ್ತವೆ. ಅನುಮಾನವಿದ್ದರೆ, ಸ್ವಲ್ಪ ಗಂಧಕಾಮ್ಲ ಬೆರೆಸಿದ ಮೈಲುತುತ್ತದ ದ್ರಾವಣವನ್ನು ಪೈಪಿನ ಹೊರಮೈಗೆ ಹಚ್ಚಿ ಆರು ನಿಮಿಷ ಒದ್ದೆಯಾಗಿಡಿರಿ. ಕಬ್ಬಿಣವಿದ್ದ ಕಡೆ ತಾಮ್ರದ ಬಣ್ಣ ಮೂಡುತ್ತದೆ. ನಂತರ ಚೆನ್ನಾಗಿ ತೊಳೆಯಿರಿ. ಆಹಾರ ತಾಗುವ ಒಳಮೈಗೆ ಈ ಪರೀಕ್ಷೆ ಸಲ್ಲದು.

ಶಾಖದ ಹಿಗ್ಗುವಿಕೆಯನ್ನೂ ಗಮನಿಸಿರಿ: 30 ಮೀಟರ್ ಪೈಪು 30 ಡಿಗ್ರಿಯಿಂದ 110 ಡಿಗ್ರಿಗೆ ಕಾದರೆ ಎಂಎಸ್ 29 ಮಿಲಿಮೀಟರ್, 304 ಸುಮಾರು 41 ಮಿಲಿಮೀಟರ್ ಉದ್ದವಾಗುತ್ತದೆ. ಹಳೆಯ ಎಂಎಸ್ ಪೈಪಿನ ಸಪೋರ್ಟುಗಳ ಮೇಲೆಯೇ ಎಸ್‌ಎಸ್ ಪೈಪನ್ನು ಬಿಗಿದು ಕಟ್ಟಿದರೆ ಆ ಒತ್ತಡವೆಲ್ಲ ಜಾಯಿಂಟುಗಳ ಮೇಲೆ ಬೀಳುತ್ತದೆ. 60 ಡಿಗ್ರಿ ಮೀರಿದ ಶಾಖ, ಒತ್ತಡ, ಕ್ಲೋರೈಡ್ ಮೂರೂ ಕೂಡಿದರೆ ಪೈಪು ತೆಳುವಾಗದೆ ನೇರವಾಗಿ ಸೀಳಬಹುದು. ಇನ್ಸುಲೇಶನ್ ಒಳಗೆ ಮಳೆನೀರು ಇಳಿಯದಂತೆ ಹೊದಿಕೆಯ ಸಂದುಗಳನ್ನು ಮುಚ್ಚಿಡುವುದು ಇದಕ್ಕಾಗಿಯೇ.

ಈಗ ಹಂಗಾಮು ಮುಗಿದ ವಾರದ ಕೆಲಸ. ರಸದ ಲೈನುಗಳನ್ನು ಬಿಸಿ ಕಂಡೆನ್ಸೇಟಿನಿಂದ ಸಿಹಿಯ ಅಂಟು ಹೋಗುವವರೆಗೆ ತೊಳೆದು, ಗಸಿಯನ್ನು ಕಾಸ್ಟಿಕ್ ಸೋಡಾದಿಂದ ತೆಗೆಯಿರಿ; ಹೈಡ್ರೋಕ್ಲೋರಿಕ್ ಆಮ್ಲವನ್ನು ಮಾತ್ರ ಎಸ್‌ಎಸ್ ಪೈಪಿನೊಳಗೆ ಎಂದೂ ಬಿಡಬೇಡಿರಿ. ಕೊನೆಯ ತೊಳೆತ ಬಾಯ್ಲರಿನ ಡಿಎಂ ನೀರಿನಿಂದಲೇ (ಲವಣ ತೆಗೆದ ನೀರು) ಆಗಲಿ, ಹೈಡ್ರೋ ಟೆಸ್ಟಿಗೂ ಅದೇ ನೀರು ಇರಲಿ. ಬಳಿಕ ಎಲ್ಲ ಡ್ರೇನ್ ವಾಲ್ವುಗಳನ್ನು ತೆರೆದು, ಡ್ರೇನ್ ಇಲ್ಲದ ತಗ್ಗಿನಲ್ಲಿ ಫ್ಲೇಂಜ್ ಬಿಚ್ಚಿ, ಎಣ್ಣೆಯಿಲ್ಲದ ಒಣಗಾಳಿಯನ್ನು ಹಾಯಿಸಿರಿ. ತುದಿಯಲ್ಲಿ ಬಿಳಿಯ ಬಟ್ಟೆ ಹಿಡಿದರೆ ಅದು ಒದ್ದೆಯಾಗಬಾರದು. ಬಳಸದ ಕವಲುಗಳನ್ನು ಕತ್ತರಿಸಿ ತೆಗೆಯಿರಿ. ಹೊಸ ಲೈನಾದರೆ 100 ಮೀಟರಿಗೆ 1 ಮೀಟರ್ ಇಳಿಜಾರು ಕೊಡಿಸಿರಿ.

ತಪಾಸಣೆಯಲ್ಲಿ ಅಲ್ಟ್ರಾಸಾನಿಕ್ ದಪ್ಪಮಾಪಕವನ್ನೇ ನಂಬಿದರೆ ಮೋಸ ಹೋಗುತ್ತೀರಿ. ನನ್ನ ಆ ತೂತು ಬಿದ್ದ ಪೈಪು ತೂತಿನಿಂದ ಒಂದು ಬೆರಳು ಆಚೆಗೆ ಪೂರ್ತಿ 2.77 ಮಿಲಿಮೀಟರ್ ದಪ್ಪವನ್ನೇ ತೋರಿಸುತ್ತಿತ್ತು. ಬೋರೋಸ್ಕೋಪ್ (ಪೈಪಿನೊಳಗೆ ಇಳಿಸಿ ನೋಡುವ ಸಾಧನ) ಬಿಟ್ಟು ತಳದ ಜಾಯಿಂಟುಗಳನ್ನು ಒಳಗಿನಿಂದ ನೋಡಿರಿ, ಬಿರುಕಿನ ಅನುಮಾನವಿದ್ದಲ್ಲಿ ಬಿರುಕಿಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ, ಡೈ ಪೆನೆಟ್ರಂಟ್ ಹಚ್ಚಿರಿ. ಜಾಯಿಂಟುಗಳಿಗೆ ನಂಬರು ಕೊಟ್ಟು, ಲೈನು ಒಣಗಿಸಿದ ದಿನಾಂಕವನ್ನೂ ಒಣಗಿಸಿದವರ ಸಹಿಯನ್ನೂ ರಿಜಿಸ್ಟರಿನಲ್ಲಿ ತೆಗೆದುಕೊಳ್ಳಿರಿ. ಮುಂದಿನ ಅಕ್ಟೋಬರಿನಲ್ಲಿ ಪಂಪಿನ ಸ್ವಿಚ್ ಒತ್ತುವ ಮೊದಲು ಆ ಪುಟವನ್ನು ತೆರೆದು, ಸಹಿ ಇಲ್ಲದ ಲೈನುಗಳ ತಳದ ಜಾಯಿಂಟುಗಳನ್ನು ಮೊದಲು ಪರೀಕ್ಷಿಸಿರಿ.