ಮುಂಬೈ–ಪುಣೆಗೆ ಹೊಸದಾಗಿ ಬಂದವರಿಗೆ: ಕ್ರಿಶ್ಚಿಯನ್ ಕ್ಲಾಸಿಕಲ್ ಶಾಲೆಯ ಕೆಜಿಯಲ್ಲಿ ಮಗು ಏನು ಕಲಿಯಬೇಕು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಬಾಂದ್ರಾ, ಮಾಟುಂಗಾ, ಪುಣೆ ಕ್ಯಾಂಪಿನ ಹಳೆಯ ಕಾನ್ವೆಂಟುಗಳು ಕ್ರಿಶ್ಚಿಯನ್ ಶಾಲೆಗಳೇ, ಆದರೆ ಕ್ಲಾಸಿಕಲ್ ಅಲ್ಲ. ಬಹುಪಾಲು ಐಸಿಎಸ್‌ಇ ಅಥವಾ ರಾಜ್ಯ ಬೋರ್ಡಿನ ಪಠ್ಯ ಹಿಡಿದು ನಡೆಯುತ್ತವೆ. ಕ್ಲಾಸಿಕಲ್ ಅನ್ನೋದು ಅಮೆರಿಕದ ಕ್ರಿಶ್ಚಿಯನ್ ಶಾಲೆಗಳು 1980ರ ದಶಕದಿಂದ ಬೆಳೆಸಿಕೊಂಡು ಬಂದ ಪದ್ಧತಿ. ವ್ಯಾಕರಣ, ತರ್ಕ, ಭಾಷಣಕಲೆ ಎಂಬ ಹಳೆಯ ಯುರೋಪಿನ ಮೂರು ಮೆಟ್ಟಿಲು ಅದರ ಬುನಾದಿ. ಕೆಜಿ ಮಕ್ಕಳು ಮೊದಲ ಮೆಟ್ಟಿಲಿನ ಹೊಸ್ತಿಲಲ್ಲಿರುತ್ತಾರೆ: ಕೇಳೋದು, ಹಾಡೋದು, ಬಾಯಿಪಾಠ. ಮಗ್ಗಿ, ಕಾಗುಣಿತ ಒಪ್ಪಿಸಿ ಬೆಳೆದವರಿಗೆ ಇದೇನು ಹೊಸತಲ್ಲ. ಲ್ಯಾಟಿನ್ ಇದೆ ಅಂತ ಗಾಬರಿ ಬೇಡ, ಅದು ಸಾಮಾನ್ಯವಾಗಿ ಮೂರನೇ ತರಗತಿಯ ಆಸುಪಾಸಿನಲ್ಲಿ ಬರುತ್ತದೆ. ಶಾಲೆ ಈ ಹೆಸರು ಹೇಳಿಕೊಂಡರೆ ಸೀನಿಯರ್ ಕೆಜಿಯ ವೇಳಾಪಟ್ಟಿ ಕೇಳಿ ನೋಡಿ. ದಿನಾ ಗಟ್ಟಿಯಾಗಿ ಕಥೆ ಓದುವ ಅವಧಿ, ಬಾಯಿಪಾಠದ ಅವಧಿ ಇಲ್ಲದಿದ್ದರೆ ಅದು ಮಾಮೂಲಿ ಕೆಜಿ, ಫೀಸು ಮಾತ್ರ ಕ್ಲಾಸಿಕಲ್.

ವಯಸ್ಸಿನ ಲೆಕ್ಕ: ಮಹಾರಾಷ್ಟ್ರದಲ್ಲಿ ಶಾಲೆ ಸೇರುವ ವರ್ಷದ ಡಿಸೆಂಬರ್ 31ಕ್ಕೆ 3 ತುಂಬಿದರೆ ನರ್ಸರಿ, 6 ತುಂಬಿದರೆ ಒಂದನೇ ತರಗತಿ. ಶಾಲೆ ಬೇರೆ ತಾರೀಖು ಹಿಡಿದಿರಬಹುದು, ಅರ್ಜಿ ತುಂಬುವ ಮೊದಲೇ ವಿಚಾರಿಸಿ.

ನರ್ಸರಿಯ ಮೊದಲ ಗುರಿ ಅಕ್ಷರವಲ್ಲ, ತನಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳೋದು. ಇಲ್ಲಿ ಮಗುವನ್ನು ಬಾತ್ರೂಮಿಗೆ ಕರೆದೊಯ್ಯುವವರು ಮಾವಶಿಗಳು, ಅಂದರೆ ಆಯಾಗಳು. ಅವರಿಗೆ ‘ಉಚ್ಚೆ’ ಗೊತ್ತಿಲ್ಲ, ‘ಕಕ್ಕ’ ಗೊತ್ತಿಲ್ಲ. ‘ಶೂ ಲಾಗ್ಲಿ’ (ಉಚ್ಚೆ ಬಂತು), ‘ಶೀ ಲಾಗ್ಲಿ’ (ಕಕ್ಕ ಬಂತು), ‘ಪಾಣಿ’ (ನೀರು) — ಈ ಮೂರು ಶಾಲೆ ಶುರುವಾಗುವ ಮೊದಲೇ ಬಾಯಿಗೆ ಬರಲಿ. ಮೊದಲ ವಾರ ಒದ್ದೆ ಚಡ್ಡಿಯಲ್ಲಿ ಮನೆಗೆ ಬರುವ ಎಷ್ಟೋ ಮಕ್ಕಳಿಗೆ ಇದೇ ತೊಂದರೆ.

ಸೀನಿಯರ್ ಕೆಜಿ ಮುಗಿಯುವ ಹೊತ್ತಿಗೆ ಸುಮಾರಾಗಿ ಇಷ್ಟು ನಿರೀಕ್ಷಿಸುತ್ತಾರೆ: 26 ಅಕ್ಷರಗಳ ಹೆಸರಷ್ಟೇ ಅಲ್ಲ, ಸದ್ದು, ಮೂರಕ್ಷರದ ಪದ ಕೂಡಿಸಿ ಓದೋದು, 100ರವರೆಗೆ ಎಣಿಕೆ, ಕೇಳಿದ ಕಥೆಯನ್ನು ಸರಿಯಾದ ಕ್ರಮದಲ್ಲಿ ತಿರುಗಿ ಹೇಳೋದು, ಬೈಬಲಿನ 23ನೇ ಕೀರ್ತನೆಯಂಥ ಒಂದೆರಡು ಭಾಗ ಬಾಯಿಪಾಠ, ಹದಿನೈದು ನಿಮಿಷ ಅಲುಗಾಡದೆ ಕೂತು ಕೇಳೋದು.

ಕನ್ನಡದ ಮನೆಗಳು ಎಡವೋದು ಸದ್ದಿನಲ್ಲಿ. ನಮ್ಮ ಪ್ರತಿ ವ್ಯಂಜನದ ಹೊಟ್ಟೆಯಲ್ಲೂ ಒಂದು ‘ಅ’ ಕೂತಿದೆ. ಟೀಚರ್ ‘ಕ್, ಆ್ಯ, ಟ್’ ಅಂತ ಹೇಳಿಕೊಟ್ಟರೆ ಮನೆಯಲ್ಲಿ ನಾವು ‘ಕ, ಆ್ಯ, ಟ’ ಅಂತೀವಿ. ಮಗು ಕೂಡಿಸಿದರೆ ‘ಕಆ್ಯಟ’ ಆಗುತ್ತದೆಯೇ ಹೊರತು ಕ್ಯಾಟ್ ಆಗಲ್ಲ. ಅದಕ್ಕೇ ಎಳೆಯಲು ಬರುವ ಸದ್ದುಗಳಿಂದ ಶುರುಮಾಡಿ: ಮ್‌ಮ್‌ಮ್, ಸ್‌ಸ್‌ಸ್. ಮ್ಯಾಟ್, ಸ್ಯಾಟ್ ಸಲೀಸಾದ ಮೇಲೆ ಕ್, ಪ್, ಟ್‌ನಿಂದ ಶುರುವಾಗುವ ಪದಕ್ಕೆ ಬನ್ನಿ. ಇನ್ನೊಂದು, ಪದದ ಬಾಲಕ್ಕೆ ‘ಉ’ ಸೇರಿಸುವ ನಮ್ಮ ಚಟ: ಬಸ್ಸು, ಪೆನ್ನು, ಕಪ್ಪು. ಮಾತಿನಲ್ಲಿ ಇದ್ದುಕೊಳ್ಳಲಿ, ಪಾಠ ಹೇಳಿಕೊಡುವಾಗ ಬೇಡ; ಡಿಕ್ಟೇಶನ್‌ನಲ್ಲಿ ಮಗು ಆ ‘ಉ’ವನ್ನೂ ಬರೆದಿಡುತ್ತದೆ. ಮೂರನೆಯದು ‘ಯೆಗ್ಗು’. ಮೊಟ್ಟೆಯ ಇಂಗ್ಲಿಷ್ ಪದ ಯಾವ ಸದ್ದಿನಿಂದ ಶುರು ಅಂದರೆ ಮಗು ‘ಯ್’ ಅನ್ನುತ್ತದೆ, ತಪ್ಪು ಅದರದ್ದಲ್ಲ. ‘ಲೆಗ್’ ಅನ್ನಿಸಿ, ಆಮೇಲೆ ಮುಂದಿನ ‘ಲ್’ ಬಿಟ್ಟು ಹೇಳಿಸಿ. ಎಗ್ ತಾನೇ ಬರುತ್ತದೆ. ಇನ್ನು ಫ್ಯಾನ್‌ನ ಮೊದಲ ಸದ್ದಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಕನ್ನಡಿ ಮುಂದೆ ನಿಲ್ಲಿಸಿ ತೋರಿಸಿ.

ಬರವಣಿಗೆಗೆ ಅವಸರ ಬೇಡ. ಸ್ಟ್ಯಾಂಡಿಂಗ್ ಲೈನ್, ಸ್ಲೀಪಿಂಗ್ ಲೈನ್, ಓರೆ ಗೆರೆ, ಕಡೆಗೆ ಕರ್ವ್, ಕ್ರಮ ಇದೇ. ಉದ್ದ ಪೆನ್ಸಿಲ್ ಕೊಟ್ಟರೆ ಮುಷ್ಟಿ ಕಟ್ಟಿ ಹಿಡಿಯುತ್ತವೆ. ಒಂದಿಂಚಿನ ಮುರಿದ ಕ್ರೇಯಾನ್ ಕೊಟ್ಟರೆ ಮೂರು ಬೆರಳಲ್ಲಿ ಹಿಡಿಯದೆ ವಿಧಿಯಿಲ್ಲ. ಬೆರಳಿಗೆ ಬಲ ಬರಲು ಹಿತಕಿದ ಅವರೆಯಷ್ಟು ಒಳ್ಳೆಯ ಕಸರತ್ತಿಲ್ಲ. ಅವರೆ ಸಿಗದಿದ್ದರೆ ಇಲ್ಲಿನವರು ಉಸಳಿಗೆ ಮೊಳಕೆ ಕಟ್ಟುವ ವಾಲ್ ತನ್ನಿ. ಸಿಪ್ಪೆ ಸುಲಿಯೋದು ಮಗುವಿನ ಪಾಲಿಗಿರಲಿ.

ಎಣಿಕೆಯಲ್ಲಿ ಕನ್ನಡ ನಿಮ್ಮ ಪರವಾಗಿದೆ. ಇಪ್ಪತ್ತೊಂದು, ಟ್ವೆಂಟಿ ಒನ್: ಎರಡರಲ್ಲೂ ಹತ್ತು ಮೊದಲು, ಬಿಡಿ ಆಮೇಲೆ. ಮರಾಠಿಯಲ್ಲಿ ಉಲ್ಟಾ, ‘ಏಕ್‌ವೀಸ್’. 29 ಅಂತೂ ‘ಏಕೋಣತೀಸ್’, ಮೂವತ್ತಕ್ಕೆ ಒಂದು ಕಮ್ಮಿ. ಹೊರಗೆ ಆಡುತ್ತಾ ಮರಾಠಿ ಕಲಿತ ಮಗು 21ನ್ನು 12 ಅಂತ ಬರೆದರೆ ಬೈಯಬೇಡಿ, ಕಿವಿಗೆ ಬಿದ್ದ ಕ್ರಮದಲ್ಲೇ ಬರೆದಿದೆ. 2020ರ ಕಾಯ್ದೆ ಬಂದ ಮೇಲೆ ರಾಜ್ಯದ ಶಾಲೆಗಳಲ್ಲಿ ಮರಾಠಿ ಕಡ್ಡಾಯ ವಿಷಯ, ಹಾಗಾಗಿ ಎರಡೂ ಕ್ರಮ ಮಗುವಿಗೆ ಬೇಕೇ ಬೇಕು. ಕಡ್ಡಿಯನ್ನು ಹತ್ತರ ಕಟ್ಟು ಕಟ್ಟಿ ಎಣಿಸಿ ತೋರಿಸಿ.

ಧರ್ಮದ ವಿಷಯ ಮುಚ್ಚಿಟ್ಟು ಪ್ರಯೋಜನವಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆ, ಪೋಷಕರು ಒಪ್ಪದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಸಂವಿಧಾನದ 28(3)ನೇ ವಿಧಿ. ಆದರೆ ಈ ಪದ್ಧತಿಯಲ್ಲಿ ಬೈಬಲ್ ಕಥೆ ಪ್ರತ್ಯೇಕ ಅವಧಿಯಲ್ಲ. ಹಾಡು, ಓದು, ಬಾಯಿಪಾಠ ಎಲ್ಲದರಲ್ಲೂ ಸೇರಿಕೊಂಡಿರುತ್ತದೆ. ಬೇಡ ಅನ್ನುವವರು ಅರ್ಜಿ ಹಾಕುವ ಮೊದಲೇ ಹಿಂದೆ ಸರಿಯೋದು ವಾಸಿ.

ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಶಾಲೆಯಲ್ಲಿ ಕೇಳಿದ ಕಥೆಯನ್ನು ಕನ್ನಡದಲ್ಲೇ ಹೇಳಿಸಿ. ನಡುವೆ ತಿದ್ದಬೇಡಿ, ‘ಆಮೇಲೆ?’ ಅಂತ ಮಾತ್ರ ಕೇಳಿ. ಕ್ರಮ ತಪ್ಪಿದರೆ ಮೂರು ಚಿತ್ರ ಗೀಚಿ, ಮೊದಲು ಯಾವುದು ಅಂತ ಜೋಡಿಸಲು ಬಿಡಿ. ಕಥೆ ಹೇಳುವ ಅಭ್ಯಾಸ ಒಂದು ಭಾಷೆಯಲ್ಲಿ ಕುದುರಿದರೆ ಇಂಗ್ಲಿಷಿನಲ್ಲಿ ಕೊರತೆಯಾಗೋದು ಪದ ಮಾತ್ರ, ಅದನ್ನು ಟೀಚರ್ ತುಂಬಿಕೊಡುತ್ತಾರೆ.