ಕೀಲುವಾತದ ಮಾತ್ರೆ ನುಂಗುವವರು ಚರ್ಮ ನೋಡಿಕೊಳ್ಳುವುದು ಹೇಗೆ?

ಬಾಗಿಲ ಅಂಚು ಸುಮ್ನೆ ತಾಗಿದರೂ ಮುಂಗೈ ಮೇಲೆ ನೇರಳೆ ಕಲೆ ಮೂಡುತ್ತಿದೆಯಾ? ರುಮಟಾಯ್ಡ್ ಸಂಧಿವಾತಕ್ಕೆ ವರ್ಷಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ತಗೊಳ್ಳುವವರಲ್ಲಿ ಇದು ಸಾಮಾನ್ಯ. ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವುದು ಕೊಲಾಜನ್ ಎಂಬ ನಾರು. ಸ್ಟೀರಾಯ್ಡ್‌ನಿಂದ ಅದು ಹುಟ್ಟುವುದು ಕಡಿಮೆಯಾಗಿ ಚರ್ಮ ತೆಳುವಾಗುತ್ತದೆ, ಒಳಗಿನ ಸಣ್ಣ ರಕ್ತನಾಳಗಳು ಬೇಗ ಒಡೆಯುತ್ತವೆ, ಗಾಯ ಮಾಯುವುದೂ ತಡ.

ಮೊದಲು: ಗಾಬರಿಯಾಗಿ ಮಾತ್ರೆ ನಿಲ್ಲಿಸಬೇಡಿ. ತುಂಬಾ ದಿನ ಸ್ಟೀರಾಯ್ಡ್ ತಗೊಂಡ ದೇಹ ತನ್ನದೇ ಕಾರ್ಟಿಸೋಲ್ ಎಂಬ ಹಾರ್ಮೋನ್ ತಯಾರಿಸುವುದನ್ನು ಮರೆತಿರುತ್ತದೆ, ತಟ್ಟನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ ಆಗಬಹುದು. ಡೋಸ್ ಇಳಿಸುವುದಿದ್ದರೆ ಡಾಕ್ಟರೇ ನಿಧಾನವಾಗಿ ಇಳಿಸಬೇಕು.

ಎರಡನೆಯದು, ವಾರಕ್ಕೊಮ್ಮೆ ಒಳ್ಳೆ ಬೆಳಕಲ್ಲಿ ಮೈ ನೋಡಿಕೊಳ್ಳಿ. ಇದೇ ಕಾಯಿಲೆಗೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ತಗೊಳ್ಳುವವರು ಬಾಯಿ ಒಳಗೆ ಹುಣ್ಣಿದೆಯಾ, ಬೆರಳ ಗೆಣ್ಣಿನ ಹತ್ತಿರ ಹೊಸ ಗಂಟು ಬಂದಿದೆಯಾ ನೋಡಬೇಕು. ಇನ್ನೊಂದು ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಆದರೆ ಮೊಣಕಾಲ ಕೆಳಗೆ ನೀಲಿ-ಬೂದು ಕಲೆ ಇದೆಯಾ ನೋಡಬೇಕು. ಕಂಡದ್ದನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟು ಡಾಕ್ಟರಿಗೆ ತೋರಿಸಿ.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು, ಕಲ್ಲಿನಲ್ಲಿ ಉಜ್ಜಬೇಡಿ. ಮೈ ಒರೆಸಿಕೊಂಡ ಕೂಡಲೇ ಮಾಯಿಶ್ಚರೈಸರ್ ಹಚ್ಚಿ. ಗಾಜಿನ ಬಳೆ ಒಡೆದರೆ ತೆಳು ಚರ್ಮ ಸೀಳಿಹೋಗುತ್ತದೆ, ಹಬ್ಬಕ್ಕೂ ಲೋಹದ ಬಳೆ ಹಾಕಿದರೆ ಒಳ್ಳೆಯದು, ಅಲ್ವಾ? ಚರ್ಮ ಕಿತ್ತು ಬಂದರೆ ಅದನ್ನು ಕತ್ತರಿಸಬೇಡಿ. ಶುದ್ಧ ನೀರಲ್ಲಿ ತೊಳೆದು, ಕಿತ್ತ ಪದರವನ್ನು ಮೆಲ್ಲಗೆ ಜಾಗಕ್ಕೆ ಸರಿಸಿ, ಅಂಟದ ಗಾಜ್ ಬಟ್ಟೆ ಇಟ್ಟು ಮೇಲೆ ಬ್ಯಾಂಡೇಜ್ ಸುತ್ತಿ ಡಾಕ್ಟರಿಗೆ ತೋರಿಸಿ. ಅಂಟುವ ಪ್ಲಾಸ್ಟರ್ ಮಾತ್ರ ಬೇಡವೇ ಬೇಡ, ತೆಗೆಯುವಾಗ ಇನ್ನಷ್ಟು ಚರ್ಮ ಜೊತೆಗೇ ಬರುತ್ತದೆ.

ಮೆಥೋಟ್ರೆಕ್ಸೇಟ್ ವಾರಕ್ಕೊಂದೇ ದಿನ. ಆ ದಿನವನ್ನು ಕ್ಯಾಲೆಂಡರ್‌ನಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ, ಮನೆಯವರಿಗೂ ಹೇಳಿ. ದಿನಾ ನುಂಗಿಬಿಟ್ಟು ಬಾಯಿ, ಚರ್ಮವೆಲ್ಲ ಹುಣ್ಣಾಗಿ ಜೀವಕ್ಕೇ ಅಪಾಯ ತಂದುಕೊಂಡವರಿದ್ದಾರೆ. ಫೋಲಿಕ್ ಆಸಿಡ್ ಬರೆದುಕೊಟ್ಟಿದ್ದರೆ ತಪ್ಪಿಸಬೇಡಿ.

ಬೇರೆ ಕಾಯಿಲೆಗೆ ಬೇರೆ ಡಾಕ್ಟರ ಹತ್ತಿರ ಹೋದಾಗ ಮಾತ್ರೆಗಳ ಚೀಟಿ ಕೈಲಿರಲಿ. ಸ್ಟೀರಾಯ್ಡ್ ಜೊತೆ ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್ ಸೇರಿದರೆ ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಅಪಾಯ ಜಾಸ್ತಿ, ಹಿಮ್ಮಡಿ ನೋವು ಶುರುವಾದರೆ ನಡೆದಾಟ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಲೇಬಲ್ ಇಲ್ಲದ ‘ಕೀಲುನೋವಿನ ಪುಡಿ’ಗಳಲ್ಲೂ ಸ್ಟೀರಾಯ್ಡ್ ಬೆರೆಸಿರುವುದುಂಟು, ದಯವಿಟ್ಟು ಮುಟ್ಟಬೇಡಿ.

ಜ್ವರದ ಜೊತೆ ಮೈಮೇಲೆ ಗುಳ್ಳೆ, ಬಾಯಿ-ಕಣ್ಣಲ್ಲಿ ಹುಣ್ಣು, ಚರ್ಮ ಸುಲಿಯುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.